ದೂರದ ಯುದ್ಧ, ಸಂಘದ ಗಣಕಯಂತ್ರ ಮತ್ತು ವಿಮೆಯ ಷರತ್ತು



ರಾಸು ಸತ್ತ ಮೇಲೆ ವಿಮೆಯ ಪಾಲಿಸಿಯನ್ನು ಮೊದಲ ಬಾರಿಗೆ ಬಿಚ್ಚಿ ಓದುವುದು ನಮ್ಮಲ್ಲಿ ವಾಡಿಕೆ. ಕಿವಿಯೋಲೆ ಬಿದ್ದುಹೋಗಿದ್ದನ್ನು ತಿಳಿಸಿರಲಿಲ್ಲ ಎಂಬ ಒಂದೇ ಕಾರಣಕ್ಕೆ ಪರಿಹಾರ ಸಿಗದೆ ಬರಿಗೈಯಲ್ಲಿ ಹಿಂತಿರುಗಿದ ರೈತರನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅದೇ ಪಾಲಿಸಿಯ ಸಣ್ಣ ಅಕ್ಷರಗಳಲ್ಲಿ ಸಾಮಾನ್ಯವಾಗಿ ಇನ್ನೊಂದು ಸಾಲೂ ಇರುತ್ತದೆ: ಯುದ್ಧ, ಪರದೇಶದ ಆಕ್ರಮಣ, ಅಂತರ್ಯುದ್ಧಗಳಿಂದಾದ ನಷ್ಟಕ್ಕೆ ಪರಿಹಾರವಿಲ್ಲ. ನಮ್ಮ ಕೊಟ್ಟಿಗೆಗೆ ಯಾವ ಯುದ್ಧ ಬಂದೀತು ಎಂದು ಅದನ್ನು ದಾಟಿ ಹೋಗುತ್ತೇವೆ. ಹಸುವಿನ ಮಟ್ಟಿಗೆ ಅದು ಸರಿಯೇ. ಆದರೆ ಸಂಘದ ಗಣಕಯಂತ್ರಕ್ಕೆ ವಿಮೆ ಮಾಡಿಸುವಾಗ ಹಾಗೆ ದಾಟುವಂತಿಲ್ಲ.

ಈಗ ನಮ್ಮ ಅನೇಕ ಸಂಘಗಳಲ್ಲಿ ಹಾಲಿನ ತೂಕ, ಫ್ಯಾಟ್, ದರ, ಬಟವಾಡೆಯ ಲೆಕ್ಕ ಎಲ್ಲವೂ ಗಣಕಯಂತ್ರದಲ್ಲಿದೆ. ಹಣ ನೇರವಾಗಿ ಬ್ಯಾಂಕಿನ ಖಾತೆಗೆ ಬರುತ್ತದೆ. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಹಿಂಡಿ ಅಂಗಡಿಯ ಸಾಲ ತೀರಿಸುವುದು ತಡವಾಗುತ್ತದೆ. 2024ರ ಜುಲೈ ಕೊನೆಯಲ್ಲಿ, ಸಣ್ಣ ಬ್ಯಾಂಕುಗಳಿಗೆ ಗಣಕ ಸೇವೆ ಒದಗಿಸುವ ಒಂದು ಕಂಪನಿಯ ಮೇಲೆ ದಾಳಿ ನಡೆದು, ದೇಶದ ಸುಮಾರು 300 ಸಹಕಾರಿ ಹಾಗೂ ಗ್ರಾಮೀಣ ಬ್ಯಾಂಕುಗಳ ಪಾವತಿ ವ್ಯವಸ್ಥೆಯನ್ನು ತಾತ್ಕಾಲಿಕವಾಗಿ ಬೇರ್ಪಡಿಸಬೇಕಾಯಿತು. ಅದು ಹಣಕ್ಕಾಗಿ ನಡೆದ ದಾಳಿ. ದೇಶದೇಶಗಳ ಜಗಳದಿಂದ ಹುಟ್ಟುವ ದಾಳಿ ಇದಕ್ಕಿಂತ ಕ್ರೂರವಾದದ್ದು.

2017ರ ಜೂನ್ 27ರಂದು ಏನಾಯಿತು ನೋಡಿ. ರಷ್ಯಾ ಮತ್ತು ಉಕ್ರೇನ್ ನಡುವೆ ಅದಾಗಲೇ ವೈರ ಬೆಳೆದಿತ್ತು. ಉಕ್ರೇನಿನ ವ್ಯಾಪಾರಿಗಳು ತೆರಿಗೆ ಲೆಕ್ಕಕ್ಕೆ ಬಳಸುತ್ತಿದ್ದ ಒಂದು ತಂತ್ರಾಂಶದ ಮೂಲಕ 'ನಾಟ್‌ಪೆಟ್ಯಾ' ಎಂಬ ವೈರಸ್ಸನ್ನು ಹರಿಯಬಿಡಲಾಯಿತು. ಪರದೆಯ ಮೇಲೆ ಹಣ ಕೇಳುತ್ತಿತ್ತು, ಆದರೆ ಹಣ ಕಟ್ಟಿದರೂ ಕಡತಗಳು ಮರಳುತ್ತಿರಲಿಲ್ಲ. ನಾಶ ಮಾಡುವುದೇ ಅದರ ಉದ್ದೇಶವಾಗಿತ್ತು.

ಇದು ಹರಡಿದ ರೀತಿ ನನಗೆ ಕಾಲುಬಾಯಿ ಜ್ವರವನ್ನು ನೆನಪಿಸುತ್ತದೆ. ಜಾತ್ರೆಯಲ್ಲಿ ರೋಗ ತಗುಲಿದ ಒಂದು ಎತ್ತು ಊರಿಗೆ ಬಂದರೆ ಸಾಕಲ್ಲವೇ? ವಿಂಡೋಸ್‌ನಲ್ಲಿದ್ದ ಒಂದು ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ ತಿಂಗಳಲ್ಲೇ ದುರಸ್ತಿ ಬಿಡುಗಡೆ ಮಾಡಿತ್ತು. ಅದನ್ನು ಹಾಕಿಕೊಳ್ಳದ ಯಂತ್ರಗಳು ಲಸಿಕೆ ಹಾಕಿಸದ ರಾಸುಗಳಂತೆ ಬಿದ್ದವು. ಅಷ್ಟಕ್ಕೇ ನಿಲ್ಲಲಿಲ್ಲ. ಒಳಹೊಕ್ಕ ಯಂತ್ರದಿಂದ ಪಾಸ್‌ವರ್ಡ್ ಕದ್ದು, ದುರಸ್ತಿ ಮಾಡಿದ ಯಂತ್ರಗಳಿಗೂ ನುಗ್ಗಿತು. ಗುರಿ ಉಕ್ರೇನ್ ಆದರೂ, ಆಸ್ಟ್ರೇಲಿಯಾದ ಹೋಬಾರ್ಟ್‌ನ ಕ್ಯಾಡ್ಬರಿ ಚಾಕೊಲೇಟ್ ಕಾರ್ಖಾನೆ ನಿಂತಿತು. ಮುಂಬಯಿ ಬಳಿಯ ಜವಾಹರಲಾಲ್ ನೆಹರು ಬಂದರಿನಲ್ಲಿ, ಮೇರ್ಸ್ಕ್ ಹಡಗು ಕಂಪನಿಯ ಸಮೂಹ ನಡೆಸುತ್ತಿದ್ದ ಟರ್ಮಿನಲ್‌ನಲ್ಲಿ ಕೆಲಸ ಸ್ಥಗಿತಗೊಂಡಿತು. ಆ ಕಂಪನಿಯನ್ನು ಉಳಿಸಿದ್ದು ಏನು ಗೊತ್ತೇ? ಘಾನಾ ದೇಶದ ಅವರ ಕಚೇರಿಯಲ್ಲಿ ದಾಳಿಗೆ ಮೊದಲೇ ಕರೆಂಟು ಹೋಗಿ ಒಂದು ಯಂತ್ರ ಜಾಲದಿಂದ ಕಳಚಿಕೊಂಡಿತ್ತು. ಉಳಿದೆಡೆ ಅಳಿಸಿಹೋಗಿದ್ದ ಮೂಲ ದಾಖಲೆಯ ಪ್ರತಿ ಅದರಲ್ಲಿ ಮಾತ್ರ ಉಳಿದಿತ್ತು. ಕರೆಂಟು ಹೋದದ್ದಕ್ಕೆ ಯಾರಾದರೂ ಸಂತೋಷಪಟ್ಟಿದ್ದರೆ ಅದು ಅವರೇ ಇರಬೇಕು.

ಇನ್ನು ವಿಮೆಯ ವಿಷಯ. ಕ್ಯಾಡ್ಬರಿಯ ಒಡೆತನ ಹೊಂದಿರುವ ಮೊಂಡಲೀಜ್ ಕಂಪನಿಯ 1,700 ಸರ್ವರ್‌ಗಳೂ 24,000 ಲ್ಯಾಪ್‌ಟಾಪ್‌ಗಳೂ ಹಾಳಾದವು. ಆಸ್ತಿ ವಿಮೆಯಲ್ಲಿ 10 ಕೋಟಿ ಡಾಲರಿಗೂ ಹೆಚ್ಚಿನ ಪರಿಹಾರ ಕೇಳಿದರು. 2018ರ ಫೆಬ್ರವರಿಯಲ್ಲಿ ಅಮೆರಿಕ, ಬ್ರಿಟನ್ ಸರ್ಕಾರಗಳು ಈ ದಾಳಿ ರಷ್ಯಾದ ಸೇನೆಯದೆಂದು ಘೋಷಿಸಿದ್ದವು. ರಷ್ಯಾ ಅದನ್ನು ಅಲ್ಲಗಳೆಯಿತು. ವಿಮಾ ಕಂಪನಿ ಜ್ಯೂರಿಕ್, ಇದು ಯುದ್ಧಸದೃಶ ಕೃತ್ಯ, ನಾವು ಕೊಡುವಂತಿಲ್ಲ ಎಂದಿತು. ಮೊಕದ್ದಮೆ ನಡೆದು 2022ರಲ್ಲಿ ರಾಜಿಯಾಯಿತು. ಔಷಧ ತಯಾರಿಸುವ ಮೆರ್ಕ್ ಕಂಪನಿ 140 ಕೋಟಿ ಡಾಲರ್ ನಷ್ಟಕ್ಕಾಗಿ ನ್ಯೂಜೆರ್ಸಿಯ ನ್ಯಾಯಾಲಯಕ್ಕೆ ಹೋಯಿತು. ಯುದ್ಧದ ಷರತ್ತು ಅನ್ವಯಿಸುತ್ತದೆಂದು ತೋರಿಸುವ ಹೊಣೆ ವಿಮಾ ಕಂಪನಿಗಳದೇ, ಸೈನಿಕ ಕಾರ್ಯಾಚರಣೆಯನ್ನು ಮನಸ್ಸಿನಲ್ಲಿಟ್ಟು ಬರೆದ ಹಳೆಯ ಷರತ್ತು ಇಂಥ ದಾಳಿಗೆ ಹೊಂದುವುದಿಲ್ಲ ಎಂದು ನ್ಯಾಯಾಲಯ ತೀರ್ಪಿತ್ತಿತು. 2023ರ ಮೇ ತಿಂಗಳಲ್ಲಿ ಮೇಲ್ಮನವಿಯಲ್ಲೂ ಮೆರ್ಕ್ ಗೆದ್ದಿತು. ಉಳಿದ ವಿವಾದ 2024ರ ಜನವರಿಯಲ್ಲಿ ರಾಜಿಯಲ್ಲಿ ಮುಗಿಯಿತು. ಆರೂವರೆ ವರ್ಷ! ಅಷ್ಟು ಕಾಲ ವಕೀಲರನ್ನು ಇಟ್ಟುಕೊಳ್ಳುವ ಶಕ್ತಿ ಯಾವ ಹಾಲಿನ ಸಂಘಕ್ಕಿದೆ?

ಅಷ್ಟರಲ್ಲಿ ವಿಮಾ ಕಂಪನಿಗಳೂ ಪಾಠ ಕಲಿತವು. ಲಂಡನ್ನಿನ ಲಾಯ್ಡ್ಸ್ ಮಾರುಕಟ್ಟೆ 2023ರ ಮಾರ್ಚ್ 31ರಿಂದ ಹೊಸ ನಿಯಮ ತಂದಿತು. ಸೈಬರ್ ವಿಮೆಗೆಂದೇ ಮಾಡುವ ಪಾಲಿಸಿಗಳಲ್ಲಿ ಯುದ್ಧವನ್ನಷ್ಟೇ ಅಲ್ಲ, ಸರ್ಕಾರಗಳ ಬೆಂಬಲದಿಂದ ನಡೆದು ಒಂದು ದೇಶದ ವ್ಯವಸ್ಥೆಯನ್ನೇ ಕುಂಠಿತಗೊಳಿಸುವ ದಾಳಿಗಳನ್ನೂ ಸ್ಪಷ್ಟ ಮಾತುಗಳಲ್ಲಿ ಹೊರಗಿಡಬೇಕೆಂಬುದು ಆ ನಿಯಮ. ಆದ್ದರಿಂದ ಮೆರ್ಕ್ ಗೆದ್ದ ದಾರಿಯಲ್ಲಿ ಇನ್ನು ಎಲ್ಲರೂ ಗೆಲ್ಲುತ್ತಾರೆಂದು ನಂಬಬಾರದು.

ನಿಮ್ಮ ಸಂಘದ ಆಡಳಿತ ಮಂಡಳಿ ಇಂಥ ವಿಮೆಯನ್ನು ಪರಿಶೀಲಿಸುವುದಾದರೆ ಪ್ರತಿನಿಧಿಯಿಂದ ಕೆಲವು ಉತ್ತರಗಳನ್ನು ಬರವಣಿಗೆಯಲ್ಲಿ ಪಡೆಯಿರಿ. ದಾಳಿ ಪರದೇಶದ್ದೆಂದು ತೀರ್ಮಾನಿಸುವವರು ಯಾರು, ಯಾವ ಆಧಾರದ ಮೇಲೆ? ಬೇರೆ ದೇಶವನ್ನು ಗುರಿಯಾಗಿಟ್ಟ ದಾಳಿಯ ಕಿಡಿ ನಮಗೆ ತಗುಲಿದರೆ ಪರಿಹಾರ ಉಂಟೇ? ಘಟನೆಯನ್ನು ಎಷ್ಟು ಸಮಯದೊಳಗೆ ತಿಳಿಸಬೇಕು? ಕಟ್ಟಡಕ್ಕೂ ಶೀತಲೀಕರಣ ಘಟಕಕ್ಕೂ ಬೆಂಕಿ ವಿಮೆ ಇದ್ದರೆ ಅದರಲ್ಲೇ ಲೆಕ್ಕಪತ್ರದ ಮಾಹಿತಿ ನಾಶವೂ ಸೇರಿದೆ ಎಂದು ಭಾವಿಸಬೇಡಿ, ಕೇಳಿ ಖಚಿತಪಡಿಸಿಕೊಳ್ಳಿ. ಸಣ್ಣ ಸಂಘಗಳಿಗೆ ನನ್ನ ಅಭಿಪ್ರಾಯ ಬೇರೆ. ಪ್ರೀಮಿಯಂಗೆ ಹಣ ತೆಗೆಯುವ ಮೊದಲು ಒಂದು ಹಾರ್ಡ್ ಡಿಸ್ಕ್ ಕೊಳ್ಳಿ. ಪ್ರತಿ ಬಟವಾಡೆಗೆ ಮುಂಚೆ ಲೆಕ್ಕವನ್ನೆಲ್ಲ ಅದಕ್ಕೆ ನಕಲು ಮಾಡಿ, ಕೇಬಲ್ ಕಳಚಿ ಬೀರುವಿನಲ್ಲಿಡಿ. ಸದಾ ಯಂತ್ರಕ್ಕೆ ಜೋಡಿಸಿಟ್ಟ ನಕಲು ಯಂತ್ರದ ಜೊತೆಗೇ ಹೋಗುತ್ತದೆ. ಹಾಲಿನ ಲೆಕ್ಕದ ಯಂತ್ರದಲ್ಲಿ ಸಿನಿಮಾ ನೋಡುವುದು, ಕದ್ದ ತಂತ್ರಾಂಶ ಹಾಕುವುದು ಬೇಡ. ವಿಂಡೋಸ್ ದುರಸ್ತಿಗಳನ್ನು ತಡಮಾಡದೆ ಹಾಕಿಸಿ.

ಯಂತ್ರ ಕೆಟ್ಟು ಪರದೆಯ ಮೇಲೆ ಬೆದರಿಕೆ ಬಂದರೆ ಮೊದಲು ಇಂಟರ್‌ನೆಟ್ ಸಂಪರ್ಕ ತೆಗೆಯಿರಿ, ಒಕ್ಕೂಟಕ್ಕೆ ತಿಳಿಸಿ. ಇಂಥ ಘಟನೆಯನ್ನು ಸಂಸ್ಥೆಗಳು 6 ಗಂಟೆಯೊಳಗೆ ಕೇಂದ್ರದ ಸೆರ್ಟ್-ಇನ್‌ಗೆ ವರದಿ ಮಾಡಬೇಕೆಂದು 2022ರಲ್ಲಿ ಆದೇಶವಾಗಿದೆ. ಖಾತೆಯಿಂದ ಹಣವೇ ಹೋಗಿದ್ದರೆ 1930ಕ್ಕೆ ಆಗಲೇ ಕರೆ ಮಾಡಿ.

ಸದಸ್ಯರಾದ ನಿಮ್ಮ ಕೈಯಲ್ಲಿರುವ ದಾಖಲೆ ಎಂದರೆ ಹಾಲು ಹಾಕಿದಾಗ ಬರುವ ಚೀಟಿ. ಅದನ್ನು ಬೀಡಿ ಹಚ್ಚಲು ಬಳಸುವವರನ್ನು ಕಂಡಿದ್ದೇನೆ. ಬಟವಾಡೆ ಕೈಸೇರುವವರೆಗೆ ಇಟ್ಟುಕೊಳ್ಳಿ. ಆ ಕಾಗದದ ಅಕ್ಷರ ಬಿಸಿಲಿಗೆ, ಒಲೆಯ ಶಾಖಕ್ಕೆ ಅಳಿಸಿಹೋಗುತ್ತದೆ. ಆದ್ದರಿಂದ ಶಾಲೆಗೆ ಹೋಗುವ ಮಗುವಿನ ಕೈಯಲ್ಲಿ ಅಂದಂದೇ ಲೀಟರು, ಫ್ಯಾಟು, ದರವನ್ನು ಒಂದು ನೋಟು ಪುಸ್ತಕದಲ್ಲಿ ಬರೆಸಿಡಿ.