ಮಗ್ಗದ ಊರಿನ ಮಕ್ಕಳಿಗೆ ಕೋಡಿಂಗ್ ಯಾಕೆ?

ಕೋಡಿಂಗ್ ಕಲಿತರೆ ಬೆಂಗಳೂರಿನಲ್ಲಿ ನೌಕರಿ. ಬಾಗಲಕೋಟೆ, ಬಾದಾಮಿ ಕಡೆ ಮಾತು ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತದೆ. ಆಸೆ ತಪ್ಪಲ್ಲ. 1963ರಲ್ಲಿ ಶುರುವಾದ ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಬದುಕು ಕಟ್ಟಿಕೊಂಡವರು ಬಹಳ ಮಂದಿ. ಆದರೆ ಎಂಜಿನಿಯರ್ ಆಗದ ಮಕ್ಕಳೇ ಹೆಚ್ಚಲ್ಲವೇ? ಹುನಗುಂದದ ಎರೆಹೊಲದಲ್ಲಿ ಕಡಲೆ ಬಿತ್ತುವವರಿಗೆ, ಇಳಕಲ್‌ನಲ್ಲಿ ಮಗ್ಗಕ್ಕೆ ಕೂಡುವವರಿಗೆ ಈ ವಿದ್ಯೆ ಇನ್ನೂ ಹೆಚ್ಚು ಬೇಕು ಎಂದೇ ನನ್ನ ನಂಬಿಕೆ.

ಕೈಬರಹದ ಪಹಣಿ ‘ಭೂಮಿ’ ಯೋಜನೆಯಲ್ಲಿ ಕಂಪ್ಯೂಟರಿಗೆ ಏರಿ ಎರಡು ದಶಕ ದಾಟಿತು. ಈಗ ಬೆಳೆ ಪರಿಹಾರ, ಪಿಂಚಣಿ, ಗೃಹಲಕ್ಷ್ಮಿ ಎಲ್ಲಕ್ಕೂ ಹೆಸರು ತಾಳೆಯಾಗಬೇಕು. ಬಸವ್ವ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಆಧಾರ್‌ನಲ್ಲಿ ‘ವಿ’ ಹಾಕಿ, ಬ್ಯಾಂಕಿನಲ್ಲಿ ‘ಡಬ್ಲ್ಯೂ’ ಹಾಕಿ ಬರೆದಿದ್ದರೆ ಊರಿನವರಿಗೆ ಅವಳು ಒಬ್ಬಳೇ ಬಸವ್ವ. ಅಕ್ಷರಕ್ಕೆ ಅಕ್ಷರ ಹೋಲಿಸು ಎಂದು ಬರೆದ ಪ್ರೋಗ್ರಾಂಗೆ ಇಬ್ಬರು. ಹಣ ನಿಲ್ಲುತ್ತದೆ. ‘ಕಂಪ್ಯೂಟರ್ ತಗೊಳ್ಳವಲ್ದು’ ಎಂದಾಗ ಆಕೆ ಸುಮ್ಮನೆ ಮನೆಗೆ ಮರಳುತ್ತಾಳೆ. ಆ ನಿಯಮ ಬರೆದವರು ಮನುಷ್ಯರು, ಅದನ್ನು ತಿದ್ದಬಹುದು ಎಂದು ತಿಳಿದ ಮೊಮ್ಮಗಳು ಜೊತೆಗಿದ್ದರೆ, ಯಾವ ದಾಖಲೆಯ ಯಾವ ಅಕ್ಷರ ಹೊಂದಿಲ್ಲ ಎಂದು ನೇರವಾಗಿ ಕೇಳುತ್ತಾಳೆ. ನಾನು ಅಕ್ಷರಜ್ಞಾನ ಎನ್ನುವುದು ಇದನ್ನೇ.

ಕಲಿಸಲು ಬೇಕಾದ ಪಾಠವೂ ಮನೆಯಲ್ಲೇ ಇದೆ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಅದರ ಮೇಲೆ ಹಾಕುವ ಕಸೂತಿಗೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿಯೇ ಹೊಲಿಯುವುದು. ಗವಂತಿ ಎಂಬ ಬಗೆಯಲ್ಲಿ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತ ಹೋಗಿ, ಬಿಟ್ಟ ಜಾಗ ತುಂಬುತ್ತ ಅದೇ ದಾರಿಯಲ್ಲಿ ಮರಳಬೇಕು. ಹಿಂದೆ ಮುಂದೆ ಒಂದೇ ರೂಪ. ಒಂದು ಎಳೆ ಲೆಕ್ಕ ತಪ್ಪಿದರೆ ಗೋಪುರದ ಚಿತ್ತಾರ ಕೂಡುವುದಿಲ್ಲ. ತಪ್ಪಿದ ಜಾಗದ ತನಕ ಬಿಚ್ಚಬೇಕು. ಪ್ರೋಗ್ರಾಂ ಬರೆಯುವವರ ದಿನವೂ ಹೀಗೆಯೇ ಕಳೆಯುತ್ತದೆ. ಫ್ರಾನ್ಸಿನ ಜಕಾರ್ಡ್ 19ನೇ ಶತಮಾನದ ಆರಂಭದಲ್ಲಿ ಮಗ್ಗಕ್ಕೆ ಜೋಡಿಸಿದ ತೂತಿನ ಕಾರ್ಡುಗಳೇ ಮುಂದೆ ಚಾರ್ಲ್ಸ್ ಬ್ಯಾಬೇಜ್‌ನ ಗಣಕಯಂತ್ರದ ಕಲ್ಪನೆಗೆ ದಾರಿಯಾದವು.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರನೇ ತರಗತಿಯ ಹಂತದಿಂದಲೇ ಕೋಡಿಂಗ್ ಇರಲಿ ಎಂದಿತು. ಇರಲಿ, ಆದರೆ ಕನ್ನಡದಲ್ಲಿ ಇರಲಿ. ಮೊದಲ ತಿಂಗಳು ಕಂಪ್ಯೂಟರ್ ಇಲ್ಲದಿದ್ದರೂ ನಡೆದೀತು. ಚೌಕಳಿ ಹಾಳೆಯ ಮೇಲೆ ಒಂದು ಗೋಪುರವನ್ನು, ನೋಡದವರೂ ಹೊಲಿಯುವಂತೆ, ಹೆಜ್ಜೆ ಹೆಜ್ಜೆಯಾಗಿ ಬರೆದು ತರಲು ಮಕ್ಕಳಿಗೆ ಹೇಳಿ. ಕಸೂತಿ ಬಲ್ಲ ಅಜ್ಜಿಯೊಬ್ಬರನ್ನು ಶಾಲೆಗೆ ಕರೆದು, ಗೌರವಧನ ಕೊಟ್ಟು, ಅದನ್ನು ತಿದ್ದಿಸಿ.