ಹನ್ನೆರಡು ಟನ್ ಸಾಮಾನು, ಒಂದು ವಿಮಾನ: ಐರನ್ ಮೇಡನ್ ತಂಡದ ವಿಶ್ವ ತಿರುಗಾಟ

ಹೆವಿ ಮೆಟಲ್ ತಂಡವೊಂದರ ‘ವರ್ಲ್ಡ್ ಟೂರ್’ ಅನ್ನು ಕನ್ನಡದಲ್ಲಿ ‘ವಿಶ್ವ ಪ್ರವಾಸ’ ಎಂದು ಬರೆಯುವುದು ರೂಢಿ. ನನಗೆ ಆ ಮಾತು ಅಷ್ಟಾಗಿ ಒಪ್ಪಿಗೆಯಾಗಿಲ್ಲ. ಪ್ರವಾಸಿ ಹೋಗುವುದು ನೋಡುವುದಕ್ಕೆ. ಇವರು ಹೋಗುವುದು ಆಡಿ ತೋರಿಸುವುದಕ್ಕೆ. ನಮ್ಮ ಕರಾವಳಿಯ ಯಕ್ಷಗಾನ ಮೇಳಗಳು ಮಳೆಗಾಲ ಮುಗಿದ ಮೇಲೆ ಹೊರಟು, ಪತ್ತನಾಜೆಯವರೆಗೆ ರಾತ್ರಿಗೊಂದು ಊರಿನಂತೆ ಸಾಗುವ ಕ್ರಮಕ್ಕೆ ‘ತಿರುಗಾಟ’ ಎಂಬ ಹೆಸರಿದೆ. ವೇಷದ ಪೆಟ್ಟಿಗೆ, ರಂಗಸ್ಥಳದ ಸಾಮಾನು, ಕಲಾವಿದರು, ಅಡುಗೆಯವರು ಎಲ್ಲವೂ ಎಲ್ಲರೂ ಒಟ್ಟಿಗೆ ಸಾಗಬೇಕು. ಒಂದು ಲಾರಿ ತಡವಾದರೆ ಆ ದಿನದ ಆಟವಿಲ್ಲ. ಐರನ್ ಮೇಡನ್ ತಂಡ ಐದು ದಶಕಗಳಿಂದ ಮಾಡುತ್ತ ಬಂದಿರುವುದು ಇದನ್ನೇ. ವ್ಯತ್ಯಾಸವಿರುವುದು ಭೂಪಟದ ಅಳತೆಯಲ್ಲಿ ಮಾತ್ರ.

ಇಂಗ್ಲೆಂಡಿಗೆ ಬಂದ ಮೇಲೆ ನನ್ನ ಅನ್ನ ಹುಟ್ಟಿದ್ದು ವಿಮಾನ ಸರಕಿನ ಕೆಲಸದಿಂದ. ಹಾಗಾಗಿ ಈ ತಂಡದ ಸಂಗೀತವನ್ನು ಕೇಳುವಷ್ಟೇ ಆಸಕ್ತಿಯಿಂದ ಅದರ ಸಾಮಾನು ಹೇಗೆ ಸಾಗುತ್ತದೆಂಬುದನ್ನೂ ಗಮನಿಸುತ್ತ ಬಂದಿದ್ದೇನೆ. ಜಗತ್ತಿನ ಯಾವ ಊರಿಗೆ ದೊಡ್ಡ ತಂಡವೊಂದು ಬರುತ್ತದೆ, ಯಾವ ಊರನ್ನು ದಾಟಿ ಹೋಗುತ್ತದೆ ಎಂಬುದನ್ನು ಅಲ್ಲಿನ ಅಭಿಮಾನಿಗಳ ಸಂಖ್ಯೆಯಷ್ಟೇ ಸಾಮಾನಿನ ತೂಕವೂ ನಿರ್ಧರಿಸುತ್ತದೆಂಬುದು ನನ್ನ ಅಭಿಪ್ರಾಯ.

ಬಾಸ್ ಗಿಟಾರ್ ವಾದಕ ಸ್ಟೀವ್ ಹ್ಯಾರಿಸ್ ಪೂರ್ವ ಲಂಡನ್ನಿನಲ್ಲಿ ಈ ತಂಡವನ್ನು ಕಟ್ಟಿದ್ದು 1975ರ ಕೊನೆಯಲ್ಲಿ. ಅದರ ತಿರುಗಾಟಗಳಲ್ಲಿ ದಂತಕಥೆಯಾಗಿರುವುದು 1984ರ ಆಗಸ್ಟ್‌ನಲ್ಲಿ ಪೋಲೆಂಡಿನಲ್ಲಿ ಆರಂಭವಾಗಿ 1985ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮುಗಿದ ‘ವರ್ಲ್ಡ್ ಸ್ಲೇವರಿ ಟೂರ್’. ಹನ್ನೊಂದು ತಿಂಗಳಲ್ಲಿ ನೂರೆಂಬತ್ತಕ್ಕೂ ಹೆಚ್ಚು ಕಛೇರಿಗಳು. ವೇದಿಕೆಯ ಮೇಲೆ ಪ್ರಾಚೀನ ಈಜಿಪ್ಟಿನ ದೇಗುಲ, ಅದರ ಹಿಂದಿನಿಂದ ಎದ್ದುಬರುವ ಮಮ್ಮಿಯ ರೂಪದ ಎಡ್ಡಿ. ಎಡ್ಡಿ ಎಂದರೆ ತಂಡದ ಲಾಂಛನವಾದ ಅಸ್ಥಿಪಂಜರದಂಥ ಪಾತ್ರ. ಡೆರೆಕ್ ರಿಗ್ಸ್ ಎಂಬ ಚಿತ್ರಕಾರನ ಸೃಷ್ಟಿ. ಯುರೋಪು ಇಬ್ಭಾಗವಾಗಿದ್ದ ಆ ಕಾಲದಲ್ಲಿ ಪೋಲೆಂಡ್, ಹಂಗೇರಿ, ಯುಗೊಸ್ಲಾವಿಯಗಳಿಗೂ ಈ ರಂಗಸಜ್ಜು ಹೋಗಿತ್ತು. ಆ ತಿರುಗಾಟ ಮುಗಿಯುವ ವೇಳೆಗೆ ಗಾಯಕ ಬ್ರೂಸ್ ಡಿಕಿನ್‌ಸನ್ ತೀರ ಬಳಲಿದ್ದರು. ತಂಡ ತಿಂಗಳುಗಟ್ಟಲೆ ವಿಶ್ರಾಂತಿ ಪಡೆಯಬೇಕಾಯಿತು.

ಯುರೋಪು ಮತ್ತು ಉತ್ತರ ಅಮೆರಿಕಗಳಲ್ಲಿ ಇಂಥ ಸಾಮಾನನ್ನು ಒಯ್ಯುವುದು ಲಾರಿಗಳು. ರಾತ್ರಿ ಕಛೇರಿ ಮುಗಿದೊಡನೆ ಬಿಚ್ಚಿ ತುಂಬಿ, ಬೆಳಗಾಗುವುದರೊಳಗೆ ಮುಂದಿನ ಊರು. ಕಷ್ಟ ಆರಂಭವಾಗುವುದು ಸಮುದ್ರ ಅಡ್ಡ ಬಂದಾಗ. ಹಡಗಿನಲ್ಲಿ ಕಳಿಸಿದರೆ ಅಗ್ಗ, ಆದರೆ ವಾರಗಳು ಬೇಕು. ವಿಮಾನ ಸರಕಾಗಿ ಕಳಿಸಿದರೆ ದುಬಾರಿ, ಜೊತೆಗೆ ಸರಕು ವಿಮಾನಗಳ ವೇಳಾಪಟ್ಟಿಗೆ ಕಾಯಬೇಕು. ಕಲಾವಿದರು ತಲುಪಿಯೂ ಡ್ರಮ್ಮುಗಳು ತಲುಪದೆ ಹೋಗಬಹುದು. ಪ್ರತಿ ಗಡಿಯಲ್ಲಿಯೂ ಸುಂಕದ ಕಟ್ಟೆ ಇದೆ. ಮರಳಿ ಒಯ್ಯುವ ಸಾಮಾನಿಗೆ ಸುಂಕ ತೆರಬೇಕಾಗಿಲ್ಲವೆಂಬುದನ್ನು ಸಾಧಿಸಲು ‘ಕಾರ್ನೆ’ ಎಂಬ ದಾಖಲೆಯನ್ನು ಬಳಸುವುದುಂಟು. ಅದು ಸರಕಿನ ಪಾಸ್‌ಪೋರ್ಟ್ ಇದ್ದಂತೆ. ಒಂದೊಂದು ವಸ್ತುವಿನ ತೂಕ, ಬೆಲೆ, ಮೂಲದೇಶ ಅದರಲ್ಲಿ ನಮೂದಾಗಿರಬೇಕು. ಒಳಗೆ ಬಂದದ್ದರಲ್ಲಿ ಒಂದು ಹೊರಗೆ ಹೋಗದಿದ್ದರೂ ಸುಂಕ ಬೀಳುತ್ತದೆ. ಗಿಟಾರುಗಳ ಪಟ್ಟಿಯನ್ನು ಹಿಡಿದು ನಡುರಾತ್ರಿ ಅಧಿಕಾರಿಯ ಮುಂದೆ ನಿಲ್ಲುವ ಸಿಬ್ಬಂದಿಯ ಹೆಸರು ಯಾವ ಹಾಡುಪಟ್ಟಿಯಲ್ಲಿಯೂ ಬರುವುದಿಲ್ಲ.

ಈ ಲೆಕ್ಕಾಚಾರದಿಂದಾಗಿ, ಒಂದೇ ಒಂದು ಕಛೇರಿಗಾಗಿ ದೂರದ ದೇಶಕ್ಕೆ ಹೋಗುವುದು ವ್ಯವಸ್ಥಾಪಕರಿಗೆ ಲಾಭದ ಮಾತಾಗಿರಲಿಲ್ಲ. ಎಂಬತ್ತು ತೊಂಬತ್ತರ ದಶಕಗಳಲ್ಲಿ ಬೆಂಗಳೂರಿನ ಹುಡುಗರು ಕೈಯಿಂದ ಕೈಗೆ ದಾಟಿದ, ನಕಲು ಮಾಡಿ ಸವೆದ ಕ್ಯಾಸೆಟ್ಟುಗಳಲ್ಲಿ ಈ ಹಾಡುಗಳನ್ನು ಬಾಯಿಪಾಠ ಮಾಡಿಕೊಂಡಿದ್ದರು. ಅವರಲ್ಲಿ ನಾನೂ ಒಬ್ಬ. ತಂಡವನ್ನು ಕಣ್ಣಾರೆ ಕಾಣಬೇಕಾದರೆ ದೇಶ ಬಿಟ್ಟೇ ಹೋಗಬೇಕೆಂಬುದು ಆಗ ನಮಗೆಲ್ಲ ಸಹಜವಾಗಿ ತೋರುತ್ತಿದ್ದ ಸಂಗತಿ. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಐರನ್ ಮೇಡನ್ ಕಛೇರಿ ನಡೆದಾಗ ಅದು ಸುಳ್ಳಾಯಿತು. ಅಷ್ಟು ದೊಡ್ಡ ಹೆವಿ ಮೆಟಲ್ ತಂಡವೊಂದು ತನ್ನದೇ ಮುಖ್ಯ ಕಛೇರಿಗೆಂದು ಭಾರತಕ್ಕೆ ಬಂದದ್ದು ಅದೇ ಮೊದಲು. ಇಲ್ಲಿ ಕೇಳುಗರಿದ್ದಾರೆಂಬುದರಲ್ಲಿ ಆ ಮೇಲೆ ಯಾರಿಗೂ ಸಂಶಯ ಉಳಿಯಲಿಲ್ಲ.

ಮರುವರ್ಷದ ‘ಸಮ್‌ವೇರ್ ಬ್ಯಾಕ್ ಇನ್ ಟೈಮ್’ ತಿರುಗಾಟಕ್ಕೆ ತಂಡ ಕಂಡುಕೊಂಡ ದಾರಿ ವಿಲಕ್ಷಣವಾದದ್ದು. ಗಾಯಕ ಡಿಕಿನ್‌ಸನ್ ಅಷ್ಟರಲ್ಲಿ ಆಸ್ಟ್ರೇಯಸ್ ಎಂಬ ಬ್ರಿಟಿಷ್ ವಿಮಾನ ಸಂಸ್ಥೆಯಲ್ಲಿ ವೃತ್ತಿಪರ ವೈಮಾನಿಕರಾಗಿದ್ದರು. ಆ ಸಂಸ್ಥೆಯ ಬೋಯಿಂಗ್ 757 ವಿಮಾನವೊಂದನ್ನು ಬಾಡಿಗೆಗೆ ಪಡೆದು, ಪ್ರಯಾಣಿಕರ ಕೋಣೆಯ ಹಿಂಭಾಗದ ಆಸನಗಳನ್ನು ತೆಗೆಸಿ, ಅಲ್ಲಿ ಸರಕಿಗೆ ಜಾಗ ಮಾಡಲಾಯಿತು. ವಾದಕರು, ಸಿಬ್ಬಂದಿ ಮತ್ತು ಸುಮಾರು 12 ಟನ್ ಸಾಮಾನು ಒಂದೇ ವಿಮಾನದಲ್ಲಿ. ಪ್ರಯಾಣಿಕರ ಕೋಣೆಯಲ್ಲಿ ಸರಕು ಸಾಗಿಸುವುದೆಂದರೆ ಹಗುರವಾದ ವಿಷಯವಲ್ಲ: ಬೆಂಕಿಯ ತಡೆ, ನೆಲಹಾಸಿನ ತಾಳಿಕೆ, ತೂಕದ ಹಂಚಿಕೆ ಇವೆಲ್ಲಕ್ಕೂ ವಿಮಾನಯಾನ ಅಧಿಕಾರಿಗಳ ಒಪ್ಪಿಗೆ ಬೇಕು. ವಿಮಾನದ ‘ಎಡ್ ಫೋರ್ಸ್ ಒನ್’ ಎಂಬ ಹೆಸರು ಅಭಿಮಾನಿಗಳ ಸೂಚನೆ. ಚಾಲಕರ ಆಸನದಲ್ಲಿ ಸ್ವತಃ ಡಿಕಿನ್‌ಸನ್.

2008ರ ಫೆಬ್ರವರಿ 1ರಂದು ಮುಂಬಯಿಯಲ್ಲಿ ಮೊದಲ ಕಛೇರಿ, ಮಾರ್ಚ್ 16ರಂದು ಟೊರೊಂಟೊದಲ್ಲಿ ಆ ಹಂತದ ಕೊನೆಯದು. 45 ದಿನ, 23 ಕಛೇರಿ, ಸುಮಾರು 50,000 ಮೈಲಿ. ಆಸ್ಟ್ರೇಲಿಯ, ಜಪಾನ್, ಮೆಕ್ಸಿಕೊ, ಕೋಸ್ಟರಿಕ, ಕೊಲಂಬಿಯ, ಬ್ರೆಜಿಲ್, ಚಿಲಿ ಇವೆಲ್ಲವೂ ಒಂದೇ ದಾರಿಯಲ್ಲಿ ಬಂದವು. ಅದನ್ನು ದಾಖಲಿಸಿದ ‘ಫ್ಲೈಟ್ 666’ ಎಂಬ ಚಿತ್ರವನ್ನು ನೋಡಿದವರಿಗೆ ಬೊಗೊಟಾದ ಅಭಿಮಾನಿಗಳ ಮುಖಗಳು ಮರೆಯಲಾರವು. ದಶಕಗಳ ಕಾಲ ಕಾದವರ ಮುಖಗಳವು. ಹಳೆಯ ಈಜಿಪ್ಟಿನ ರಂಗಸಜ್ಜನ್ನೇ ನೆನಪಿಸುವ ವೇದಿಕೆ ಅದಾಗಿದ್ದರೂ ಅದರಲ್ಲಿ ಬಣ್ಣದ ಪರದೆಗಳ ಪಾಲು ದೊಡ್ಡದು. ಬಟ್ಟೆ ಮಡಚಿದರೆ ಸಣ್ಣದಾಗುತ್ತದೆ. ನಮ್ಮ ಕಂಪನಿ ನಾಟಕದವರಿಗೂ ಈ ಗುಟ್ಟು ಗೊತ್ತಿತ್ತು.

2009ರಲ್ಲಿ ಅದೇ ತಿರುಗಾಟ ಮುಂದುವರಿದಾಗ ದುಬೈ, ಆಮೇಲೆ ಫೆಬ್ರವರಿ 15ರಂದು ಬೆಂಗಳೂರು, ಅಲ್ಲಿಂದ ನ್ಯೂಜಿಲೆಂಡ್. ಭೂಪಟದಲ್ಲಿ ಇದನ್ನು ಗೆರೆಯೆಳೆದು ನೋಡಿದರೆ ವಿಷಯ ತಿಳಿಯಾಗುತ್ತದೆ. 757ರಂಥ ವಿಮಾನ ಯುರೋಪಿನಿಂದ ನ್ಯೂಜಿಲೆಂಡಿಗೆ ಒಂದೇ ನೆಗೆತದಲ್ಲಿ ಹಾರಲಾರದು, ಹೇಗೂ ಇಳಿಯಲೇಬೇಕು. ಇಳಿದ ಊರಿನಲ್ಲಿ ಹಾಡಿದರೆ ಇಂಧನದ ನಿಲುಗಡೆಯೇ ಆದಾಯದ ನಿಲುಗಡೆಯಾಗುತ್ತದೆ. ಬೆಂಗಳೂರಿನ ಕೇಳುಗರ ಪ್ರೀತಿಯ ಜೊತೆಗೆ ಬೆಂಗಳೂರಿನ ಅಕ್ಷಾಂಶ ರೇಖಾಂಶಗಳೂ ಕೆಲಸ ಮಾಡಿದವೆಂದು ಹೇಳಿದರೆ ನನ್ನ ಹಳೆಯ ಗೆಳೆಯರಿಗೆ ಬೇಸರವಾಗುತ್ತದೆ. ಆದರೆ 2011ರಲ್ಲಿ ವಿಮಾನ ಮಾಸ್ಕೋದಿಂದ ಸಿಂಗಪುರ, ಜಕಾರ್ತ, ಬಾಲಿಗಳ ಕಡೆಗೆ ಹೊರಟಾಗ ಭಾರತದಲ್ಲಿ ಕಛೇರಿ ಇರಲಿಲ್ಲ.

2016ರಲ್ಲಿ ‘ಬುಕ್ ಆಫ್ ಸೋಲ್ಸ್’ ತಿರುಗಾಟಕ್ಕೆ ಬಂದದ್ದು ಇನ್ನೂ ದೊಡ್ಡದಾದ ಬೋಯಿಂಗ್ 747. ಇದರ ಹೊಟ್ಟೆಯಲ್ಲಿಯೇ ಸಾಮಾನೆಲ್ಲ ಹಿಡಿಸುತ್ತಿದ್ದುದರಿಂದ ಆಸನಗಳನ್ನು ಕೀಳುವ ಅಗತ್ಯ ಬೀಳಲಿಲ್ಲ. 2014ರ ಕೊನೆಯಲ್ಲಿ ನಾಲಿಗೆಯ ಬುಡದ ಕ್ಯಾನ್ಸರ್ ಪತ್ತೆಯಾಗಿ, ಚಿಕಿತ್ಸೆ ಪಡೆದು ಗುಣವಾಗಿದ್ದ ಡಿಕಿನ್‌ಸನ್ ಈ ವಿಮಾನ ನಡೆಸುವ ತರಬೇತಿಯನ್ನೂ ಪಡೆದರು. ಎಲ್ಲವನ್ನೂ ಒಂದೇ ವಿಮಾನಕ್ಕೆ ಒಪ್ಪಿಸುವುದರ ಅಪಾಯ ಆ ಮಾರ್ಚ್‌ನಲ್ಲಿ ಚಿಲಿಯ ಸಾಂತಿಯಾಗೊದಲ್ಲಿ ಪ್ರಕಟವಾಯಿತು. ನಿಲ್ದಾಣದಲ್ಲಿ ಎಳೆದೊಯ್ಯುತ್ತಿದ್ದಾಗ ಕೊಂಡಿ ಕಳಚಿ, ವಿಮಾನವು ಎಳೆಯುವ ವಾಹನಕ್ಕೆ ಅಪ್ಪಳಿಸಿತು. ಇಬ್ಬರು ಕೆಲಸಗಾರರು ಗಾಯಗೊಂಡರು, ಎರಡು ಎಂಜಿನ್ನುಗಳು ಕೆಟ್ಟವು. ಬೇರೆ ವಿಮಾನಗಳನ್ನು ಹೊಂದಿಸಿ ಅರ್ಜೆಂಟೀನದ ಕಛೇರಿಗಳನ್ನು ನಡೆಸಲಾಯಿತು. ಸರಕಿನ ವೃತ್ತಿಯಲ್ಲಿರುವವನಿಗೆ ಆ ಕೆಲವು ದಿನಗಳ ಏರ್ಪಾಡು ಯಾವ ಗಿಟಾರ್ ವಾದನಕ್ಕೂ ಕಡಿಮೆಯದಲ್ಲ.

2018ರಲ್ಲಿ ಆರಂಭವಾದ ತಿರುಗಾಟದಲ್ಲಿ ವೇದಿಕೆಯ ಮೇಲೆ ಸ್ಪಿಟ್‌ಫೈರ್ ಯುದ್ಧವಿಮಾನದ ಪೂರ್ಣಗಾತ್ರದ ಪ್ರತಿಕೃತಿಯೇ ತೂಗಾಡುತ್ತಿತ್ತು. ರಂಗಸಜ್ಜು ಹಿಗ್ಗಿತು, ಎಡ್ ಫೋರ್ಸ್ ಒನ್ ಮರೆಗೆ ಸರಿಯಿತು.

ಸಾಮಾನಿನ ತೂಕಕ್ಕೆ ಉಪಾಯವುಂಟು, ವಯಸ್ಸಿಗಿಲ್ಲ. ಡ್ರಮ್ ವಾದಕ ನಿಕೊ ಮೆಕ್‌ಬ್ರೈನ್ 2023ರ ಜನವರಿಯಲ್ಲಿ ಪಾರ್ಶ್ವವಾಯುವಿಗೆ ತುತ್ತಾದರು. ಅದೇ ಮೇ ತಿಂಗಳಿನಲ್ಲಿ ಆರಂಭವಾದ ‘ಫ್ಯೂಚರ್ ಪಾಸ್ಟ್’ ತಿರುಗಾಟದಲ್ಲಿ ಮತ್ತೆ ಡ್ರಮ್ಮಿನ ಹಿಂದೆ ಕುಳಿತರು. 2024ರ ಡಿಸೆಂಬರ್ 7ರಂದು ಸಾವ್ ಪಾವ್ಲೊದಲ್ಲಿ, 72ನೆಯ ವಯಸ್ಸಿನಲ್ಲಿ, ಕೊನೆಯ ಬಾರಿ ನುಡಿಸಿ ತಿರುಗಾಟದಿಂದ ನಿವೃತ್ತರಾದರು. ತಂಡದ ಐವತ್ತನೆಯ ವರ್ಷದ ತಿರುಗಾಟ 2025ರ ಮೇ 27ರಂದು ಬುಡಾಪೆಸ್ಟಿನಲ್ಲಿ ಆರಂಭವಾದಾಗ ಅವರ ಜಾಗದಲ್ಲಿದ್ದವರು ಸೈಮನ್ ಡಾಸನ್. ಬಣ್ಣದ ಬಟ್ಟೆಯ ಪರದೆಗಳ ಕೆಲಸವನ್ನು ಈ ಬಾರಿ ಬಹುಪಾಲು ವಹಿಸಿಕೊಂಡದ್ದು ಬೃಹತ್ ವಿದ್ಯುತ್ ಪರದೆ. ಅದನ್ನು ಮಡಚಲು ಬರುವುದಿಲ್ಲ.