ನೇತ್ರಾಣಿಯ ಆಳ, ಮೂಲ್ಕಿಯ ಅಲೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ವಿದ್ಯಾರ್ಥಿಗಳಿಗೆ ನೀರೆಂದರೆ ಮೊದಲು ನೆನಪಾಗುವುದು ಕೃಷ್ಣೆ, ದೂಧಗಂಗೆ, ವೇದಗಂಗೆ. ನಿಮ್ಮಲ್ಲಿ ಹೆಚ್ಚಿನವರು ಈಜು ಕಲಿತದ್ದು ಬಾವಿಯಲ್ಲೋ ಹೊಳೆಯಲ್ಲೋ ಇದ್ದೀತು. ಆದರೂ ಅಲೆಯ ಮೇಲೆ ಹಲಗೆಯಲ್ಲಿ ನಿಂತು ಜಾರುವ ಸರ್ಫಿಂಗ್, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವ ಸ್ಕೂಬಾ ಡೈವಿಂಗ್, ಈ ಎರಡನ್ನೂ ಒಂದೇ ಪ್ರವಾಸದಲ್ಲಿ ಮಾಡಿ ಬರುವ ಆಸೆ ಕೆಲವರಿಗಾದರೂ ಇರುತ್ತದೆ. ಅದಕ್ಕೆ ವಿಮಾನ ಹತ್ತಿ ಅಂಡಮಾನಿಗೇ ಹೋಗಬೇಕಿಲ್ಲ. ಮುರುಡೇಶ್ವರದ ಎದುರಿಗೆ, ದಡದಿಂದ ಸುಮಾರು 19 ಕಿ.ಮೀ. ದೂರದಲ್ಲಿ ನೇತ್ರಾಣಿ ದ್ವೀಪವಿದೆ. ಮುರುಡೇಶ್ವರದಿಂದ ದಕ್ಷಿಣಕ್ಕೆ ಸುಮಾರು 130 ಕಿ.ಮೀ. ಸಾಗಿದರೆ ಶಾಂಭವಿ ಹೊಳೆ ಕಡಲು ಸೇರುವ ಮೂಲ್ಕಿ. ಭಾರತದ ಮೊದಲ ಸರ್ಫಿಂಗ್ ಕ್ಲಬ್ ಎಂದು ಹೆಸರಾದ ಮಂತ್ರ ಸರ್ಫ್ ಕ್ಲಬ್ 2004ರ ಸುಮಾರಿಗೆ ಆರಂಭವಾದದ್ದು ಈ ಊರಿನಲ್ಲಿ.

ಆದರೆ ಈ ಎರಡು ಆಟಗಳಿಗೂ ಪರಸ್ಪರ ಆಗಿಬರುವುದಿಲ್ಲ. ಸರ್ಫಿಂಗಿಗೆ ಅಲೆ ಬೇಕು, ಡೈವಿಂಗಿಗೆ ತಿಳಿನೀರು ಬೇಕು. ಆಷಾಢ, ಶ್ರಾವಣದಲ್ಲಿ ಕೃಷ್ಣೆಯ ನೀರು ಕೆಂಪಾಗಿರುವುದನ್ನೂ ಮಾಘದಲ್ಲಿ ತಳದ ಕಲ್ಲು ಕಾಣುವುದನ್ನೂ ನೀವು ನೋಡಿದ್ದೀರಿ. ಕಡಲೂ ಹಾಗೆಯೇ. ದೊಡ್ಡ ಅಲೆಗಳು ತಳದ ಮರಳನ್ನು ಕಲಕುತ್ತವೆ. ಮಳೆಗಾಲದ ಹೊಳೆಗಳು ಮಣ್ಣನ್ನು ತಂದು ಸುರಿಯುತ್ತವೆ. ಮಂಗಳೂರಿನ ಬಳಿ ಸಸಿಹಿತ್ಲುವಿನಲ್ಲಿ 2016ರ ಅಖಿಲ ಭಾರತ ಸರ್ಫಿಂಗ್ ಸ್ಪರ್ಧೆಯನ್ನು ಮೇ ತಿಂಗಳ ಕೊನೆಗೆ ನಡೆಸಿದ್ದು ಸುಮ್ಮನೆ ಅಲ್ಲ. ಮುಂಗಾರಿನ ಮುಂಚಿನ ಆ ದಿನಗಳಲ್ಲಿ ಅಲೆಗಳು ಎತ್ತರ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧ; ಆಗ ನೇತ್ರಾಣಿಯ ಮಾತೇ ಇಲ್ಲ. ಅಲ್ಲಿ ನೀರು ಚೆನ್ನಾಗಿ ತಿಳಿಯಾಗಿರುವುದು ಡಿಸೆಂಬರ್, ಜನವರಿಯಲ್ಲಿ. ಆಗ ಮೂಲ್ಕಿಯ ಅಲೆಗಳು ಚಿಕ್ಕವು. ಪಳಗಿದವರಿಗೆ ಅದು ಸಪ್ಪೆ. ಹೊಸಬರಾದ ನಿಮಗೆ ಅದೇ ಸರಿ. ಬೇಸಿಗೆ ರಜೆಗಿಂತ ವರ್ಷದ ಕೊನೆಯ ನಾಲ್ಕು ದಿನವೇ ಲೇಸು.

ಇನ್ನು ಮೊದಲು ಯಾವುದು? ಮೊದಲು ಡೈವಿಂಗ್, ಆಮೇಲೆ ಸರ್ಫಿಂಗ್. ಇದನ್ನು ತಿರುವುಮುರುವು ಮಾಡಬಾರದು. ಕಾರಣ ತಿಳಿಯಲು ನಿಮ್ಮ ಭೌತವಿಜ್ಞಾನದ ಪಾಠವೊಂದು ಸಾಕು. ನೀರಿನಲ್ಲಿ 10 ಮೀಟರ್ ಇಳಿದರೆ ಮೈಮೇಲಿನ ಒತ್ತಡ ಇಮ್ಮಡಿಯಾಗುತ್ತದೆ. ಅಲ್ಲಿ ಎಳೆದುಕೊಂಡ ಒಂದು ಉಸಿರು ಮೇಲೆ ಬರುವಷ್ಟರಲ್ಲಿ ಎರಡುಪಟ್ಟು ಜಾಗ ಕೇಳುತ್ತದೆ. ಉಸಿರು ಬಿಗಿಹಿಡಿದು ಮೇಲೇರಿದರೆ ಶ್ವಾಸಕೋಶಕ್ಕೆ ಅಪಾಯ. ಬಾವಿಗೆ ಹಾರುವಾಗ ಉಸಿರು ಕಟ್ಟುವ ಅಭ್ಯಾಸ ನಿಮಗಿದೆಯಲ್ಲ, ಸಿಲಿಂಡರ್ ಹೊತ್ತಾಗ ಅದನ್ನು ಪೂರ್ತಿ ಮರೆಯಬೇಕು. ಉಸಿರಾಟ ನಿಲ್ಲಲೇಬಾರದು.

ಎರಡನೆಯ ಸಂಗತಿ ಗೋಲಿ ಸೋಡಾದ್ದು. ಒತ್ತಡವಿರುವತನಕ ಬಾಟಲಿಯಲ್ಲಿ ಗುಳ್ಳೆ ಕಾಣುವುದಿಲ್ಲ. ಗೋಲಿಯನ್ನು ಒತ್ತಿದ ಕೂಡಲೆ ಬುಸ್ಸೆಂದು ಏಳುತ್ತದೆ. ಆಳದಲ್ಲಿ ಉಸಿರಾಡಿದಾಗ ಗಾಳಿಯ ಸಾರಜನಕ ರಕ್ತದಲ್ಲೂ ಮಾಂಸಖಂಡಗಳಲ್ಲೂ ಹೆಚ್ಚಾಗಿ ಕರಗಿರುತ್ತದೆ. ನಿಧಾನವಾಗಿ ಮೇಲೆ ಬಂದರೆ ಉಸಿರಿನೊಡನೆ ಹೊರಹೋಗುತ್ತದೆ. ಆದರೆ ಪೂರ್ತಿ ಹೋಗಲು ಹಲವು ಗಂಟೆ ಬೇಕು. ಅಷ್ಟರಲ್ಲಿ ಎತ್ತರದ ಜಾಗಕ್ಕೆ ಏರಿದರೆ ಒತ್ತಡ ಇನ್ನೂ ಇಳಿದು ಗುಳ್ಳೆಗಳು ಮೈಯೊಳಗೇ ಮೂಡಬಹುದು. ಒಂದು ಸಲ ಮುಳುಗಿದವರು 12 ಗಂಟೆ, ಹೆಚ್ಚು ಸಲ ಮುಳುಗಿದವರು 18 ಗಂಟೆ ಕಾಯದೆ ವಿಮಾನ ಹತ್ತಬಾರದು, ಸುಮಾರು 600 ಮೀಟರಿಗಿಂತ ಎತ್ತರಕ್ಕೂ ಹೋಗಬಾರದು ಎಂಬುದು ತಜ್ಞರ ಸಲಹೆ.

ನಮಗೆಲ್ಲಿಯ ವಿಮಾನ ಎನ್ನುತ್ತೀರಾ? ಬೆಳಗಾವಿ ಇರುವುದು ಸುಮಾರು 750 ಮೀಟರ್ ಎತ್ತರದಲ್ಲಿ! ಅಂಕೋಲೆಯಿಂದ ಅರಬೈಲು ಘಟ್ಟ ಹತ್ತಿ ಹುಬ್ಬಳ್ಳಿಗೆ ಬನ್ನಿ, ಇಲ್ಲವೆ ಮಡಗಾಂವದಿಂದ ರೈಲಿನಲ್ಲಿ ದೂಧಸಾಗರ ದಾಟಿ ಕ್ಯಾಸಲ್‌ರಾಕಿಗೆ ಏರಿ, ಮನೆಗೆ ಬರಲು ಘಟ್ಟವಂತೂ ತಪ್ಪದು. ಬೆಳಿಗ್ಗೆ ನೇತ್ರಾಣಿಯಲ್ಲಿ ಮುಳುಗಿ ಸಂಜೆಯ ಬಸ್ಸಿಗೆ ಹೊರಡುವವರು ತಿಳಿಯದೆಯೇ ಈ ನಿಯಮ ಮುರಿಯುತ್ತಾರೆ. ಒಂದೇ ಸಲ, ಹೆಚ್ಚು ಆಳಕ್ಕೆ ಹೋಗದೆ ಮುಳುಗಿದವರಿಗೆ ಅಪಾಯ ಕಡಿಮೆ ನಿಜ. ಆದರೂ ಒಂದು ರಾತ್ರಿ ಕರಾವಳಿಯಲ್ಲಿ ತಂಗುವುದರಿಂದ ಕಳೆದುಕೊಳ್ಳುವುದೇನು? ಸರ್ಫಿಂಗನ್ನು ಎರಡನೆಯದಾಗಿ ಇಟ್ಟುಕೊಂಡರೆ ಕಾಯುವ ಸಮಯವೆಲ್ಲ ಕಡಲಮಟ್ಟದಲ್ಲೇ ಕಳೆಯುತ್ತದೆ. ಮುರುಡೇಶ್ವರ, ಮೂಲ್ಕಿ ಎರಡೂ ಕೊಂಕಣ ರೈಲು ಮಾರ್ಗದಲ್ಲಿವೆ. ಮುಳುಗಿದ ದಿನ ಮೈದಣಿಸುವ ಕೆಲಸ ಬೇಡ. ಹಲಗೆ ಹಿಡಿಯುವುದು ಮರುದಿನ ಬೆಳಿಗ್ಗೆ.

ಹೊಸಬರನ್ನು ತರಬೇತುದಾರರು 12 ಮೀಟರಿನೊಳಗೆ, ಕೈಬಿಡದೆ ಕರೆದೊಯ್ಯುತ್ತಾರೆ. ಹತ್ತು ವರ್ಷ ತುಂಬಿರಬೇಕು. ಚಿಕ್ಕವರಿಗೆ ತಂದೆತಾಯಿಯ ಸಹಿ ಬೇಕು. ನೆಗಡಿ, ಕಿವಿಸೋರುವಿಕೆ, ಆಸ್ತಮಾ ಇದ್ದರೆ ಮುಚ್ಚಿಡದೆ ಮೊದಲೇ ವೈದ್ಯರನ್ನು ಕೇಳಿ. ಕೊಟ್ಟ ಹಣ ಹೋಗುತ್ತದೆಂದು ನೆಗಡಿಯಲ್ಲೇ ಮುಳುಗಿದರೆ ಕಿವಿಯ ತಮಟೆ ಹರಿದೀತು.

ಸರ್ಫಿಂಗಿನಲ್ಲಿ ಅಪಾಯ ಬೇರೆ ಬಗೆಯದು. ಗಾಳಿಗೆ ಜೋಳದ ಹೊಲ ತೂಗುವಾಗ ತೆನೆಗಳು ನಿಂತಲ್ಲೇ ನಿಂತಿರುತ್ತವೆ, ತೂಗಾಟ ಮಾತ್ರ ಮುಂದೆ ಹೋಗುತ್ತದೆ. ನಡುಗಡಲಿನ ಅಲೆಯೂ ಹೀಗೆಯೇ. ದಡದ ಹತ್ತಿರ ಆಳ ಕಡಿಮೆಯಾದಾಗ ಮಾತ್ರ ಅದು ಮುರಿದು ನೀರು ನಿಜವಾಗಿ ಮುಂದಕ್ಕೆ ನುಗ್ಗುತ್ತದೆ. ನುಗ್ಗಿದ ನೀರು ಮರಳಬೇಕಲ್ಲ? ಅಲೆ ಮುರಿಯದ, ಶಾಂತವಾಗಿ ಕಾಣುವ ಕಿರಿದಾದ ಓಣಿಯಲ್ಲಿ ಅದು ರಭಸದಿಂದ ಕಡಲಿಗೆ ಹಿಂದಿರುಗುತ್ತದೆ. ಹೊಳೆಯಲ್ಲಿ ಈಜಿದವರು ಶಾಂತನೀರೇ ಲೇಸೆಂದು ಅಲ್ಲಿಯೇ ಇಳಿಯುತ್ತಾರೆ! ಸೆಳೆತಕ್ಕೆ ಸಿಕ್ಕರೆ ನೇರ ದಡದತ್ತ ಈಜಿ ದಣಿಯಬೇಡಿ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಓಣಿಯಿಂದ ಹೊರಬನ್ನಿ, ಆಮೇಲೆ ಅಲೆಯ ಜೊತೆಗೆ ದಡಕ್ಕೆ. ಹಲಗೆಯ ಹಗ್ಗ ಕಾಲಿಗೆ ಕಟ್ಟಿದ್ದರೆ ಹಲಗೆಯೇ ತೆಪ್ಪ, ಅದನ್ನು ಬಿಡಬೇಡಿ.

ಊರಿಗೆ ಮರಳಿದ ಮೇಲೆ ಒಂದೆರಡು ದಿನದಲ್ಲಿ ಕೀಲುನೋವು, ಜೋಮು, ತಲೆಸುತ್ತು, ಕಾರಣವಿಲ್ಲದ ಸುಸ್ತು ಕಂಡರೆ ಅದನ್ನು ಪ್ರಯಾಣದ ಆಯಾಸವೆಂದು ತಳ್ಳಿಹಾಕಬೇಡಿ. ತಡಮಾಡದೆ ಆಸ್ಪತ್ರೆಗೆ ಹೋಗಿ, ಎಷ್ಟು ಹೊತ್ತಿಗೆ, ಎಷ್ಟು ಆಳಕ್ಕೆ ಮುಳುಗಿದ್ದಿರಿ ಎಂಬುದನ್ನು ನೀವಾಗಿಯೇ ಮೊದಲು ಹೇಳಿ. ಕಡಲಿನಿಂದ ಇಷ್ಟು ದೂರದಲ್ಲಿ ಕುಳಿತ ವೈದ್ಯರು ಅದನ್ನು ಕೇಳದೆ ಇರಬಹುದು.